ಅಚ್ಚು ಉಳಿದರೆ ಮುಖ ಉಳಿಯುತ್ತದೆ: ಮೇಣದ ಉಬ್ಬುಚಿತ್ರಗಳ ಇತಿಹಾಸ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕಂಪ್ಯೂಟರ್ ಬಗ್ಗೆ ಏನಾದರೂ ಬರೆಯುತ್ತೇನೆಂದು ಅವರೂ ಎಣಿಸಿದ್ದರು, ನಾನೂ ಎಣಿಸಿದ್ದೆ. 2005ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವವನಿಂದ ಬೇರೇನು ನಿರೀಕ್ಷೆ ಇರುತ್ತದೆ? ಆದರೆ ಉತ್ಸವಕ್ಕಾಗಿ ಕಟ್ಟಡಕ್ಕೆ ಸುಣ್ಣಬಣ್ಣ ಹೊಡೆಸುವ ಮುನ್ನ, ಒಂದು ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ವಿಜ್ಞಾನ ಕೊಠಡಿ ಖಾಲಿ ಮಾಡುವಾಗ ಸಿಕ್ಕಿದ ಒಂದು ವಸ್ತು ನನ್ನ ವಿಷಯವನ್ನೇ ಬದಲಾಯಿಸಿತು.

ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನ ಹಿಂದೆ, ಊಟದ ತಟ್ಟೆಯಷ್ಟು ಅಗಲದ ಬಿಳಿಯ ಗಟ್ಟಿ ಇತ್ತು. ಒಂದು ಮೂಲೆ ಬಿರುಕು ಬಿಟ್ಟಿತ್ತು. ನಡುವೆ ಒಂದು ಹಳ್ಳ. ಕಸದ ಬುಟ್ಟಿಗೆ ಹಾಕಲು ಕೈಗೆತ್ತಿಕೊಂಡ ಗೆಳೆಯ ಮೊಬೈಲ್ ಟಾರ್ಚ್ ಹಿಡಿದಾಗ ಆ ಹಳ್ಳ ಉಬ್ಬಿದಂತೆ ಕಂಡಿತು. ಒಳಗೆ ಒಂದು ಮುಖವಿತ್ತು. ಪಕ್ಕಕ್ಕೆ ತಿರುಗಿದ, ತಲೆಗೆ ಟವೆಲ್ ಸುತ್ತಿಕೊಂಡ ಮುದುಕರ ಮುಖ. ನನಗೆ ತಕ್ಷಣ ಗುರುತು ಸಿಕ್ಕಿತು: ನಮ್ಮ ಶಾಲೆಯ ಗಂಟೆ ಅಜ್ಜ.

ನನ್ನ ಕಾಲದವರಿಗೆ ನೆನಪಿರುತ್ತದೆ. ಕಾರ್ಯಾನುಭವದ ಪಿರಿಯಡ್‌ನಲ್ಲಿ ನಾವು ಚಾಕ್‌ಪೀಸ್ ಮತ್ತು ಮೇಣದಬತ್ತಿ ಮಾಡುತ್ತಿದ್ದೆವು. ಚಾಕ್‌ಪೀಸ್ ಅಚ್ಚಿಗೆ ಎಣ್ಣೆ ಸವರಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿಯನ್ನು ನೀರಿನಲ್ಲಿ ಕಲಸಿ ಹುಯ್ಯುವುದು, ಗಟ್ಟಿಯಾದ ಮೇಲೆ ಬಿಡಿಸುವುದು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಡ್ರಾಯಿಂಗ್ ಮೇಷ್ಟ್ರು ಉಳಿದ ಪುಡಿಯಲ್ಲಿ ಹೊಸದೇನೋ ಮಾಡಿ ತೋರಿಸುತ್ತೇನೆಂದರು. ಗಂಟೆ ಅಜ್ಜನನ್ನು ಜಗಲಿಯಲ್ಲಿ ಕೂರಿಸಿ, ಕೆರೆಯ ಜೇಡಿಮಣ್ಣಿನಲ್ಲಿ ಅವರ ಮುಖವನ್ನು ಹಲಗೆಯ ಮೇಲೆ ಉಬ್ಬುಚಿತ್ರವಾಗಿ ಮಾಡಿದರು. ಅದರ ಮೇಲೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದರು. ಅಚ್ಚಿಗೆ ಮೇಣದಬತ್ತಿಯ ತುಂಡುಗಳನ್ನು ಕರಗಿಸಿ ಎರೆದರು. ಹೊರಬಂದ ಮೇಣದ ಮುಖವನ್ನು ಸ್ಟಾಫ್ ರೂಮಿನ ಕಿಟಕಿಯಲ್ಲಿಟ್ಟರು. ಏಪ್ರಿಲ್ ಬಿಸಿಲಿಗೆ ಅದು ಬಾಗಿ, ಮೂಗು ಜಾರಿ, ಕೊನೆಗೆ ಕಸಕ್ಕೆ ಹೋಯಿತು. ಅಚ್ಚನ್ನು ಎಲ್ಲರೂ ಮರೆತೆವು. ಅಜ್ಜ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಆ ಗಟ್ಟಿಯನ್ನು ಮನೆಗೆ ತಂದ ಮೇಲೆ ಈ ವಿದ್ಯೆ ಎಲ್ಲಿಂದ ಬಂತೆಂದು ಓದತೊಡಗಿದೆ. ಅದರ ಇತಿಹಾಸ ಎರಡು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಹೋಗುತ್ತದೆ. ಅದನ್ನು ನಮ್ಮ ಶಾಲೆಯ ಬಳಗದವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುಗಳ ಗುಣ ತಿಳಿಯೋಣ. ಜಿಪ್ಸಂ ಎಂಬ ಖನಿಜದೊಳಗೆ ನೀರು ರಾಸಾಯನಿಕವಾಗಿ ಸೇರಿಕೊಂಡಿರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಹಾರಿಹೋಗಿ ಬಿಳಿಯ ಪುಡಿ ಉಳಿಯುತ್ತದೆ. ಪ್ಯಾರಿಸ್ ನಗರದ ಮೊಂಮಾರ್ತ್ರ್ ಗುಡ್ಡದಲ್ಲಿ ಜಿಪ್ಸಂ ಗಣಿಗಳಿದ್ದುದರಿಂದ ಅದಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂಬ ಹೆಸರು. ನೀರು ಬೆರೆಸಿದರೆ ಪುಡಿ ಕಳೆದುಕೊಂಡ ನೀರನ್ನು ಮತ್ತೆ ಹೀರಿ ಬಿಸಿಯಾಗುತ್ತದೆ. ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಕಲ್ಲಾಗುತ್ತದೆ. ಗಟ್ಟಿಯಾಗುವಾಗ ಅದು ಕುಗ್ಗುವುದಿಲ್ಲ, ಕೂದಲೆಳೆಯಷ್ಟು ಹಿಗ್ಗುತ್ತದೆ. ಆದ್ದರಿಂದಲೇ ಹಣೆಯ ಸುಕ್ಕು, ಹುಬ್ಬಿನ ಗೆರೆ ಎಲ್ಲವೂ ಅದರಲ್ಲಿ ಅಚ್ಚೊತ್ತುತ್ತವೆ. ಜೇನುಮೇಣದ ಗುಣ ಇದಕ್ಕೆ ತದ್ವಿರುದ್ಧ. ಅದು 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ, ಆರಿದಾಗ ತುಸು ಕುಗ್ಗುತ್ತದೆ. ಹಿಗ್ಗಿದ ಅಚ್ಚಿನಿಂದ ಕುಗ್ಗಿದ ಮೇಣ ತಾನಾಗಿ ಬಿಟ್ಟು ಬರುತ್ತದೆ. ಈ ಎರಡು ವಸ್ತುಗಳ ಜೋಡಿ ಇಷ್ಟು ಕಾಲ ಬಾಳಿದ್ದಕ್ಕೆ ಇದೇ ಕಾರಣ.

ಪೂರ್ತಿ ತಲೆಯ ಅಚ್ಚನ್ನು ಹಲವು ತುಂಡುಗಳಲ್ಲಿ ಮಾಡಿ ಜೋಡಿಸಬೇಕಾಗುತ್ತದೆ. ಉಬ್ಬುಚಿತ್ರಕ್ಕೆ ಒಂದೇ ತುಂಡು ಸಾಕು. ಆದರೆ ಮಾದರಿಯಲ್ಲಿ ಎಲ್ಲಿಯೂ ಒಳಕ್ಕೆ ಕೊರೆದ ಜಾಗ ಇರಬಾರದು. ಇದ್ದರೆ ಅಚ್ಚು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಥ ಚಿತ್ರಗಳಲ್ಲಿ ಬಹುಪಾಲು ಮುಖಗಳು ಪಕ್ಕಕ್ಕೆ ತಿರುಗಿರುವುದಕ್ಕೆ ಇದೂ ಒಂದು ಕಾರಣ. ಎದುರು ಮುಖವಾದರೆ ಮೂಗಿನ ಕೆಳಗೇ ಅಚ್ಚು ಸಿಕ್ಕಿಕೊಳ್ಳುವ ಭಯ.

ಈ ವಿಧಾನದ ಮೊದಲ ಹೆಸರು ಗ್ರೀಕರದು. ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ, ಅಲೆಕ್ಸಾಂಡರನ ಶಿಲ್ಪಿಯೆಂದು ಪ್ರಸಿದ್ಧನಾದ ಲಿಸಿಪ್ಪಸನ ಸಹೋದರ ಲಿಸಿಸ್ಟ್ರಾಟಸ್ ಎಂಬವನಿದ್ದ. ಮನುಷ್ಯನ ಮುಖದ ಮೇಲೆಯೇ ಪ್ಲಾಸ್ಟರ್ ಹಾಕಿ ಅಚ್ಚು ತೆಗೆದು, ಅದಕ್ಕೆ ಮೇಣ ಎರೆದು, ಬಂದ ಮೇಣದ ರೂಪವನ್ನು ತಿದ್ದಿದವರಲ್ಲಿ ಅವನೇ ಮೊದಲಿಗನೆಂದು ರೋಮ್‌ನ ಪ್ಲಿನಿ ತನ್ನ ವಿಶ್ವಕೋಶದಂಥ ಗ್ರಂಥದಲ್ಲಿ ಬರೆದಿದ್ದಾನೆ. ಅದಕ್ಕೂ ಮೊದಲು ಶಿಲ್ಪಿಗಳು ಮುಖಗಳನ್ನು ಆದಷ್ಟು ಸುಂದರವಾಗಿ ಮಾಡಲು ನೋಡುತ್ತಿದ್ದರು, ಇದ್ದ ಹಾಗೆಯೇ ಮಾಡುವ ರೂಢಿ ಇವನಿಂದ ಬಂತು ಎನ್ನುತ್ತಾನೆ ಪ್ಲಿನಿ. ‘ತಿದ್ದಿದ’ ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಕೊನೆಯಲ್ಲಿ ಅದು ಬೇಕಾಗುತ್ತದೆ.

ರೋಮನ್ನರಲ್ಲಿ ಮೇಣದ ಮುಖ ಮನೆತನದ ಗೌರವದ ಪ್ರಶ್ನೆಯಾಗಿತ್ತು. ದೊಡ್ಡ ಮನೆಗಳ ನಡುಮನೆಯಲ್ಲಿ ಮರದ ಗೂಡುಗಳು. ಅವುಗಳಲ್ಲಿ ಹಿರಿಯರ ಮೇಣದ ಮುಖವಾಡಗಳು. ಮನೆಯಲ್ಲಿ ಗಣ್ಯರೊಬ್ಬರು ತೀರಿಕೊಂಡರೆ, ಆಳ್ತನ ಎತ್ತರದಲ್ಲಿ ಹೋಲುವವರು ಆ ಮುಖವಾಡ ಧರಿಸಿ, ಹಿರಿಯರ ಅಧಿಕಾರದ ಉಡುಪು ತೊಟ್ಟು ಶವಯಾತ್ರೆಯಲ್ಲಿ ಸಾಗುತ್ತಿದ್ದರು. ಆಮೇಲೆ ದಂತದ ಪೀಠಗಳ ಮೇಲೆ ಸಾಲಾಗಿ ಕೂರುತ್ತಿದ್ದರು. ಕ್ರಿಸ್ತಪೂರ್ವ ಎರಡನೇ ಶತಮಾನದ ಇತಿಹಾಸಕಾರ ಪಾಲಿಬಿಯಸ್ ಇದನ್ನೆಲ್ಲ ವರ್ಣಿಸಿದ್ದಾನೆ. ಆದರೆ ಈ ಗೌರವ ರಾಜ್ಯದ ದೊಡ್ಡ ಹುದ್ದೆಗಳನ್ನು ಏರಿದವರ ಮನೆತನಗಳಿಗೆ ಮಾತ್ರ. ಹೊಲ ಉತ್ತವನ, ನೀರು ಹೊತ್ತವನ ಮುಖಕ್ಕೆ ಗೂಡಿರಲಿಲ್ಲ. ಯಾರ ಮುಖ ಉಳಿಯಬೇಕು, ಯಾರದು ಬೇಡ ಎಂಬ ಪ್ರಶ್ನೆ ಈ ಕಲೆಯ ಜೊತೆಗೇ ಹುಟ್ಟಿತೆಂದು ನನಗೆ ಅನ್ನಿಸುತ್ತದೆ.

ಹದಿನೈದನೇ ಶತಮಾನದ ಇಟಲಿಯಲ್ಲಿ ಇದು ಮತ್ತೆ ಚಿಗುರಿತು. ಫ್ಲಾರೆನ್ಸ್ ನಗರದ ವೆರೋಕ್ಕಿಯೊ ಲಿಯೊನಾರ್ಡೊ ಡಾ ವಿಂಚಿಯ ಗುರು. ಅವನು ಮೆತ್ತಗಿನ ಕಲ್ಲನ್ನು ಸುಟ್ಟು ಪುಡಿ ಮಾಡಿ, ಬೆಚ್ಚಗಿನ ನೀರಲ್ಲಿ ಕಲಸಿ, ಕೈಕಾಲು ಮುಖಗಳ ಅಚ್ಚು ತೆಗೆಯುತ್ತಿದ್ದನೆಂದು ವಸಾರಿ ಎಂಬ ಲೇಖಕ ಬರೆದಿದ್ದಾನೆ. ಸತ್ತವರ ಮುಖದ ಅಚ್ಚು ತೆಗೆಸಿ ಮನೆಯ ಒಲೆಗೂಡಿನ ಮೇಲೆ, ಬಾಗಿಲು ಕಿಟಕಿಗಳ ಮೇಲೆ ಇಡುವ ರೂಢಿ ಆ ಊರಿನಲ್ಲಿ ಬೆಳೆಯಿತಂತೆ. 1438ರ ಸುಮಾರಿಗೆ ಪಿಸಾನೆಲ್ಲೊ ಎಂಬ ಚಿತ್ರಕಾರ ಬೈಜಾಂಟಿಯಮ್‌ನ ಚಕ್ರವರ್ತಿಯ ಮುಖವಿರುವ ಪದಕ ಮಾಡಿದ. ಅಂಥ ಪದಕಗಳ ಮಾದರಿಯನ್ನು ಸಾಮಾನ್ಯವಾಗಿ ಮೇಣದಲ್ಲೇ ಮಾಡಿ, ಅಚ್ಚು ತೆಗೆದು, ಲೋಹ ಎರೆಯುತ್ತಿದ್ದರು. ಮುಂದಿನ ಶತಮಾನದಲ್ಲಿ ಆಂಟೋನಿಯೊ ಅಬೊಂಡಿಯೊ (1538–1591) ಮೇಣವನ್ನು ಬರಿಯ ಮಾದರಿಯಾಗಿ ಬಿಡದೆ, ಬಣ್ಣ ಬೆರೆಸಿ ಅದನ್ನೇ ಕೊನೆಯ ಕೃತಿಯಾಗಿಸಿದ. ಆದರೆ ಅವನ ಮುಂದೆ ಕುಳಿತವರು ಚಕ್ರವರ್ತಿಗಳಾದ ಎರಡನೇ ಮ್ಯಾಕ್ಸಿಮಿಲಿಯನ್, ಎರಡನೇ ರುಡಾಲ್ಫ್ ಮತ್ತು ಅವರ ಆಸ್ಥಾನದವರು.

ಬಾಗಿಲು ನಿಜವಾಗಿ ಸ್ವಲ್ಪ ತೆರೆದದ್ದು ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ. ಐಸಾಕ್ ಗಾಸೆಟ್ (1713–1799) ದಂತದ ಬಣ್ಣದ ಮೇಣದಲ್ಲಿ ಅಂಗೈ ಅಗಲದ ಮುಖಚಿತ್ರಗಳನ್ನು ಎರೆಯುತ್ತಿದ್ದ. ಅಚ್ಚು ಒಮ್ಮೆ ಸಿದ್ಧವಾದರೆ ಒಂದೇ ಮುಖದ ಹಲವು ಪ್ರತಿಗಳು ಸಿಗುತ್ತವೆ, ಬೆಲೆ ಇಳಿಯುತ್ತದೆ. ಪಿಂಗಾಣಿ ತಯಾರಕ ಜೊಸಾಯ ವೆಜ್‌ವುಡ್ (1730–1795) ಇದನ್ನು ದೊಡ್ಡ ಉದ್ಯಮವನ್ನಾಗಿ ಮಾಡಿದ. ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ 1775ರಿಂದ ಅವನಿಗಾಗಿ ಮೇಣದ ಮಾದರಿಗಳನ್ನು ಮಾಡಿಕೊಟ್ಟ. ಫ್ಲಾಕ್ಸ್‌ಮನ್‌ನ ತಂದೆ ಪ್ಲಾಸ್ಟರ್ ಎರಕದ ಕೆಲಸಗಾರ. ಮೇಣದ ಮಾದರಿಯಿಂದ ಪ್ಲಾಸ್ಟರ್ ಅಚ್ಚು, ಅಚ್ಚಿಗೆ ಒತ್ತಿದ ಜೇಡಿ, ಆಮೇಲೆ ಆವಿಗೆ: ನೀಲಿ ನೆಲದ ಮೇಲೆ ಬಿಳಿಯ ಮುಖಗಳು ಮಾರುಕಟ್ಟೆಗೆ ಬಂದವು. ರಾಜರ ಜೊತೆಗೆ ವಿಜ್ಞಾನಿಗಳು, ವೈದ್ಯರು, ನಟರು ಕೂಡ.

ಗ್ಲಾಸ್ಗೊ ಕಡೆಯ ಜೇಮ್ಸ್ ಟ್ಯಾಸಿ (1735–1799) ಕಲ್ಲುಕುಟಿಗನಾಗಿ ಕೆಲಸ ಕಲಿತವನು. ಎದುರಿಗೆ ಕೂರಿಸಿಕೊಂಡವರ ಮುಖವನ್ನು ಮೇಣದಲ್ಲಿ ತಿದ್ದಿ, ಪ್ಲಾಸ್ಟರ್ ಅಚ್ಚು ತೆಗೆದು, ಗಾಜಿನಂಥ ಬಿಳಿಯ ವಸ್ತುವಿನಲ್ಲಿ ಎರೆಯುತ್ತಿದ್ದ. ಅರ್ಥಶಾಸ್ತ್ರ ಓದಿದವರೆಲ್ಲ ಬಲ್ಲ ಆಡಂ ಸ್ಮಿತ್ 1787ರಲ್ಲಿ ಟ್ಯಾಸಿಯ ಪದಕಕ್ಕೆ ವಿಷಯವಾದರು. ಸ್ಮಿತ್ ಹೇಗಿದ್ದರೆಂದು ಜಗತ್ತಿಗೆ ಗೊತ್ತಿರುವುದು ಬಹುಪಾಲು ಆ ಪುಟ್ಟ ಉಬ್ಬುಚಿತ್ರದಿಂದಲೇ. 2007ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ 20 ಪೌಂಡಿನ ನೋಟಿನ ಮೇಲೆ ಅವರ ಮುಖ ಮುದ್ರಿಸಿದಾಗ ಆಧಾರವಾದದ್ದೂ ಅದೇ.

ಅದೇ 1787ರಲ್ಲಿ ವೆಜ್‌ವುಡ್‌ನ ಕಾರ್ಖಾನೆಯಿಂದ ಇನ್ನೊಂದು ಪದಕ ಹೊರಬಂತು. ವಿಲಿಯಂ ಹ್ಯಾಕ್‌ವುಡ್ ಎಂಬ ಕೆಲಸಗಾರ ಅದರ ಮಾದರಿ ಮಾಡಿದ. ಸಂಕೋಲೆ ತೊಟ್ಟು ಮಂಡಿಯೂರಿ ಕೈಜೋಡಿಸಿದ ಆಫ್ರಿಕದ ಗುಲಾಮ. ಸುತ್ತಲೂ, ತಾನೂ ಮನುಷ್ಯನಲ್ಲವೇ ಎಂದು ಕೇಳುವ ಬರಹ. ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಹೋರಾಡುತ್ತಿದ್ದವರ ಗುರುತು ಅದಾಯಿತು. ಜನ ಅದನ್ನು ಆಭರಣದಲ್ಲಿ ಕೂರಿಸಿ ತೊಟ್ಟರು. ಒಳ್ಳೆಯ ಕೆಲಸವೇ, ಅದರ ಬಗ್ಗೆ ಎರಡು ಮಾತಿಲ್ಲ. ಆದರೂ ಗಮನಿಸಬೇಕಾದ ಒಂದು ಅಂಶವಿದೆ. ಉಳಿದ ಪದಕಗಳಲ್ಲಿ ಇಂಥವರು ಎಂದು ಹೇಳುವ ಮುಖಗಳಿವೆ, ಇವನಿಗೆ ಹೆಸರಿಲ್ಲ. ಅವನು ಯಾರೋ ಒಬ್ಬನಲ್ಲ, ಎಲ್ಲ ಗುಲಾಮರ ಚಿಹ್ನೆ. ಕೆಳಗಿನವನಿಗೆ ಜಾಗ ಸಿಕ್ಕಾಗಲೂ ಅವನ ಸ್ವಂತ ಮುಖಕ್ಕೆ ಸಿಗಲಿಲ್ಲ.

ಈ ಕಲೆಯಲ್ಲಿ ಹೆಣ್ಣುಮಕ್ಕಳೂ ಹೆಸರು ಮಾಡಿದರು. ಕ್ಯಾಥರೀನ್ ಆಂಡ್ರಾಸ್ (1775–1860) 1802ರಲ್ಲಿ ಇಂಗ್ಲೆಂಡಿನ ರಾಣಿಯ ಮೇಣದ ಕಲಾವಿದೆಯಾದರು. ಅವರಿಗಿಂತ ಮೊದಲು ಅಮೆರಿಕದ ಪೇಷನ್ಸ್ ರೈಟ್ (1725–1786), ಗಂಡ ತೀರಿದ ಮೇಲೆ ಮಕ್ಕಳನ್ನು ಸಾಕಲು ತಂಗಿಯ ಜೊತೆ ಮೇಣದ ಮುಖಗಳನ್ನು ಮಾಡತೊಡಗಿದರು. ಮೇಣದ ಉಂಡೆಯನ್ನು ಏಪ್ರನ್ನಿನ ಕೆಳಗೆ ಮೈಶಾಖದಲ್ಲಿ ಬೆಚ್ಚಗಿಟ್ಟುಕೊಂಡು, ಎದುರಿಗಿದ್ದವರ ಜೊತೆ ಮಾತಾಡುತ್ತಲೇ ಕೈಯಿಂದ ಮುಖ ತಿದ್ದುತ್ತಿದ್ದರು. 1771ರಲ್ಲಿ ನ್ಯೂಯಾರ್ಕಿನ ಮನೆಗೆ ಬೆಂಕಿ ಬಿದ್ದು ಬಹಳಷ್ಟು ಕೃತಿಗಳು ಕರಗಿಹೋದವು. ಮರುವರ್ಷ ಲಂಡನ್ನಿಗೆ ಹೋಗಿ ದೊಡ್ಡ ಹೆಸರು ಗಳಿಸಿದರು. ಆದರೆ ಇಂದು ಅವರದೆಂದು ಖಚಿತವಾಗಿ ತೋರಿಸಬಹುದಾದ ಪೂರ್ಣ ಪ್ರತಿಮೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿರುವ ವಿಲಿಯಂ ಪಿಟ್‌ರದು ಒಂದೇ.

ಇದಕ್ಕೆ ಹೋಲಿಸಿ ಮೇಡಂ ಟುಸ್ಸಾಡ್‌ರ (1761–1850) ಸಂಸ್ಥೆಯನ್ನು ನೋಡಿ. ಅಲ್ಲಿನವು ಉಬ್ಬುಚಿತ್ರಗಳಲ್ಲ, ಪೂರ್ಣ ಪ್ರತಿಮೆಗಳು. ಆದರೆ ಪಾಠ ಒಂದೇ. 1925ರಲ್ಲಿ ಲಂಡನ್ನಿನ ಆ ಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಪ್ರತಿಮೆಗಳು ಕರಗಿದವು. ಅಚ್ಚುಗಳು ಉಳಿದಿದ್ದರಿಂದ ಮತ್ತೆ ಎರೆದರು. 1940ರ ಯುದ್ಧದಲ್ಲಿ ಬಿದ್ದ ಬಾಂಬು 352 ತಲೆಯ ಅಚ್ಚುಗಳನ್ನು ಪುಡಿ ಮಾಡಿತು. ಮೇಣ ಹೋದರೆ ಅಚ್ಚಿನಿಂದ ಮತ್ತೆ ಎರೆಯಬಹುದು, ಅಚ್ಚು ಹೋದ ಮುಖಕ್ಕೆ ಆ ದಾರಿಯಿಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಏನೇ ಕೆಟ್ಟರೂ ಮೊದಲು ಕೇಳುವ ಪ್ರಶ್ನೆ ‘ಬ್ಯಾಕಪ್ ಇದೆಯಾ?’ ಎಂದು. ಇವರು ಅದಕ್ಕೆ ಉತ್ತರವನ್ನು ಪ್ಲಾಸ್ಟರಿನಲ್ಲಿ ಇಟ್ಟುಕೊಂಡಿದ್ದರು.

1839ರಲ್ಲಿ ಫೋಟೋಗ್ರಫಿ ಬಂದ ಮೇಲೆ ಮೇಣದ ಮುಖಚಿತ್ರಗಳ ಬೇಡಿಕೆ ಇಳಿಯುತ್ತಾ ಹೋಯಿತು. ಆದರೆ ಉಬ್ಬುಮುಖ ನಾಣ್ಯದ ಮೇಲೆ ಉಳಿಯಿತು. ನಮ್ಮ ಅಜ್ಜಿಯರ ಸರದಲ್ಲಿದ್ದ ರಾಣಿ ರೂಪಾಯಿ ಇದೇ ವಂಶದ್ದು. ಉಬ್ಬುಚಿತ್ರದಲ್ಲಿ ಒಂದು ಸಣ್ಣ ತಪ್ಪು ಏನು ಮಾಡೀತು ಎನ್ನುವುದಕ್ಕೂ ರೂಪಾಯಿಯೇ ಸಾಕ್ಷಿ. 1911ರ ಐದನೇ ಜಾರ್ಜ್ ದೊರೆಯ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿದ್ದ ಆನೆಯ ಸೊಂಡಿಲು ಮೋಟಾಗಿ, ಆನೆ ಹಂದಿಯಂತೆ ಕಂಡು ಗಲಾಟೆಯಾಯಿತು. 1912ರ ನಾಣ್ಯದಲ್ಲಿ ಅದನ್ನು ತಿದ್ದಬೇಕಾಯಿತು.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಅಚ್ಚಿಗೆ ನಾನೇ ಮೇಣ ಎರೆಯಬೇಕೆಂಬ ಆಸೆ ಹುಟ್ಟಿತು. ಅದಕ್ಕೆ ಬೇರೆ ಕಾರಣವೂ ಇತ್ತು. ಈ ಸಂಚಿಕೆಗಾಗಿ ಐವತ್ತು ವರ್ಷದ ಗ್ರೂಪ್ ಫೋಟೋಗಳನ್ನು ಒಟ್ಟುಮಾಡುವಾಗ ಒಂದು ವಿಷಯ ಗೊತ್ತಾಯಿತು. ಗಂಟೆ ಅಜ್ಜ ಯಾವ ಫೋಟೋದಲ್ಲೂ ಇಲ್ಲ. ಪ್ರತಿ ವರ್ಷ ಬೆಂಚು ಹೊತ್ತು ತಂದು ಸಾಲಾಗಿ ಜೋಡಿಸಿದವರು ಅವರೇ. ಫೋಟೋ ತೆಗೆಯುವ ಹೊತ್ತಿಗೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಬನ್ನಿ ಎಂದು ಯಾರೂ ಕರೆದ ನೆನಪು ನನಗಿಲ್ಲ, ನಾನೂ ಕರೆಯಲಿಲ್ಲ. ಅವರ ಮನೆಯಲ್ಲೂ ಒಂದು ಫೋಟೋ ಇಲ್ಲವೆಂದು ಊರಲ್ಲಿ ಹೇಳಿದರು.

ಒಂದು ಕಿಲೋ ಜೇನುಮೇಣ ತಂದು, ಬಿಸಿನೀರಿನ ಪಾತ್ರೆಯೊಳಗೆ ಪಾತ್ರೆಯಿಟ್ಟು ಕರಗಿಸಿ, ಆತುರದಲ್ಲಿ ಒಣ ಅಚ್ಚಿಗೇ ಹುಯ್ದುಬಿಟ್ಟೆ. ಆರಿದ ಮೇಲೆ ಬರಲಿಲ್ಲ. ಎಳೆದೆ. ಟವೆಲಿನ ಅಂಚಿನ ಬಳಿ ಅಚ್ಚಿನ ಬೆರಳಗಲ ಚೂರು ಮೇಣಕ್ಕೆ ಅಂಟಿಕೊಂಡು ಕಿತ್ತು ಬಂತು. ಜಗತ್ತಿನಲ್ಲಿ ಇದ್ದ ಒಂದೇ ಅಚ್ಚು. ಕೈ ನಡುಗಿತು. ನಿವೃತ್ತರಾಗಿ ಮಗನ ಮನೆಯಲ್ಲಿರುವ ಡ್ರಾಯಿಂಗ್ ಮೇಷ್ಟ್ರಿಗೆ ಫೋನ್ ಮಾಡಿದೆ.

‘ಅಚ್ಚಿಗೆ ನೀರು ಕುಡಿಸಿದ್ಯೇನೋ?’ ಎಂದರು.

‘ಇಲ್ಲ ಸಾರ್.’

‘ಬಾಯಾರಿದ ಪ್ಲಾಸ್ಟರು ಮೇಣಾನೂ ಕುಡಿಯುತ್ತೆ. ಮೊದಲು ಹೊಟ್ಟೆ ತುಂಬಾ ನೀರು ಕುಡಿಸು, ಆಮೇಲೆ ಅದು ಮೇಣ ಮುಟ್ಟಲ್ಲ. ಒಂದು ಪ್ರತಿ ಬಂದ ತಕ್ಷಣ ಇನ್ನೇನೂ ಮಾಡಬೇಡ, ಅದರಿಂದ ಇನ್ನೊಂದು ಅಚ್ಚು ತಗೊಂಡಿಡು.’

ಅಂಟಿದ ಮೇಣವನ್ನು ಬಿಸಿನೀರಿನಲ್ಲಿ ಮೆಲ್ಲಗೆ ಬಿಡಿಸಿದೆ. ಮರುದಿನ ಅಚ್ಚನ್ನು ಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ಮುಳುಗಿಸಿಟ್ಟು, ಮೇಲಿನ ತೇವವನ್ನು ಬಟ್ಟೆಯಿಂದ ಒತ್ತಿ ತೆಗೆದೆ. ಕರಗಿದ ಮೇಣದ ಅಂಚಿನಲ್ಲಿ ಕೆನೆ ಕಟ್ಟಲು ಶುರುವಾದಾಗ ಒಂದೇ ಧಾರೆಯಲ್ಲಿ ನಿಲ್ಲಿಸದೆ ಎರೆದೆ. ಮೇಣ ತೀರಾ ಬಿಸಿಯಾಗಿದ್ದರೆ ಗುಳ್ಳೆ ಏಳುತ್ತದೆ, ಆರಿದ್ದರೆ ಮುಖದ ತುಂಬ ಸುಕ್ಕು ಬೀಳುತ್ತದೆ. ಎರಡು ಗಂಟೆ ಬಿಟ್ಟು ಅಚ್ಚನ್ನು ಬೋರಲು ಹಾಕಿದಾಗ ಅಜ್ಜ ಅಂಗೈಗೆ ಬಂದರು. ಮೇಷ್ಟ್ರು ಹೇಳಿದಂತೆ ಮೊದಲು ಎರಡನೇ ಅಚ್ಚು ತೆಗೆದೆ.

ಟವೆಲಿನ ಮುರಿದ ಅಂಚನ್ನು ಕಾದ ಚಾಕುವಿನಿಂದ ಸರಿಮಾಡಿದೆ. ಹುಬ್ಬಿನ ಮೇಲೂ ಒಂದು ಸಣ್ಣ ಕಚ್ಚು ಕಾಣಿಸಿತು. ಅದೂ ನನ್ನ ಆತುರದ ಗುರುತೆಂದುಕೊಂಡು ತುಂಬಿಬಿಡಲು ಹೊರಟಿದ್ದೆ. ಹೊತ್ತಾಯಿತೆಂದು ಬಿಟ್ಟೆ. ಮರುದಿನ ಅಜ್ಜನ ಮಗಳಿಗೆ ತೋರಿಸಿದೆ. ಅವರು ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಾರೆ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಬಹಳ ಹೊತ್ತು ನೋಡಿ, ಆ ಕಚ್ಚಿನ ಮೇಲೆ ಬೆರಳಿಟ್ಟರು.

‘ಇದು ಗಂಟೆ ಕಳಚಿ ಬಿದ್ದಾಗ ಆಗಿದ್ದು ಕಣಪ್ಪ. ನಾನು ಆಗ ಐದನೇ ಕ್ಲಾಸು. ನಾಲ್ಕು ಹೊಲಿಗೆ ಹಾಕಿದ್ರು. ಮಾರನೇ ದಿನಾನೇ ಬಂದು ಗಂಟೆ ಹೊಡೆದ್ರು.’

ಇಪ್ಪತ್ತು ವರ್ಷದ ಹಿಂದೆ ಮೇಷ್ಟ್ರು ನೋಡಿ ಮಣ್ಣಿನಲ್ಲಿ ಮಾಡಿದ್ದ ಗಾಯದ ಗುರುತು ಅದು. ಲಿಸಿಸ್ಟ್ರಾಟಸನಂತೆ ನಾನೂ ತಿದ್ದಿದ್ದರೆ ಮಗಳು ತಂದೆಯನ್ನು ಅಷ್ಟು ಖಚಿತವಾಗಿ ಗುರುತಿಸುತ್ತಿದ್ದರೋ ಇಲ್ಲವೋ.

ಆ ಪ್ರತಿ ಅವರ ಮನೆಯಲ್ಲಿದೆ, ಬಿಸಿಲು ಬೀಳದ ಗೋಡೆಯಲ್ಲಿ. ಇನ್ನೊಂದು ಪ್ರತಿಯನ್ನೂ ಎರಡು ಅಚ್ಚುಗಳನ್ನೂ ಶಾಲೆಗೆ ಒಪ್ಪಿಸುತ್ತಿದ್ದೇನೆ. ಮಹೋತ್ಸವದ ನೆನಪಿಗೆ ದಾನಿಗಳ ಹೆಸರಿನ ಕಲ್ಲು ನಿಲ್ಲುತ್ತಿದೆ. ಅದು ನಿಲ್ಲಲೇಬೇಕು, ಅವರಿಂದಲೇ ಕೊಠಡಿಗಳಾದವು. ಅದರ ಪಕ್ಕದಲ್ಲಿ, ನೆರಳಿನಲ್ಲಿ, ಈ ಮುಖಕ್ಕೂ ಒಂದು ಗೂಡು ಕೊಡಬೇಕೆಂದು ಸಮಿತಿಯವರಲ್ಲಿ ನನ್ನ ಕೋರಿಕೆ. ಗ್ರೂಪ್ ಫೋಟೋ ತೆಗೆಯುವಾಗ ಬೆಂಚು ಹೊರುವವರನ್ನೂ ಅಡುಗೆಯವರನ್ನೂ ಕರೆದು ನಿಲ್ಲಿಸಬೇಕೆಂದು ಈಗಿನ ವಿದ್ಯಾರ್ಥಿಗಳಲ್ಲಿ ಇನ್ನೊಂದು ಕೋರಿಕೆ.

ಮೇಣ ಮತ್ತೆ ಬಾಗೀತು. ಬಾಗಿದರೆ ಹೆದರಬೇಡಿ. ಅಚ್ಚು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿರುತ್ತದೆ. ಎರೆಯುವ ಮುನ್ನ ಮರೆಯದೆ ನೀರು ಕುಡಿಸಿ.